ಎರಡು ತಿಂಗಳು ಕಡಿಮೆ

ಮಗಳ ಬಾಣಂತನಕ್ಕೆಂದು 2023ರ ಏಪ್ರಿಲ್‌ನಲ್ಲಿ ನಾನು ಇಂಗ್ಲೆಂಡಿಗೆ ಹೋಗಿದ್ದೆ. ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿ, ಶಾಲೆಯವರನ್ನು ಕಾಡಿ ಬೇಡಿ, ಮೂರು ತಿಂಗಳು ಇದ್ದು ಬಂದೆ. ಪೆಟ್ಟಿಗೆಯಲ್ಲಿ ಇದ್ದದ್ದು ಬಾಣಂತಿ ಖಾರ, ಬಜೆ, ಹಳೆಯ ಮೆತ್ತನೆಯ ಸೀರೆಗಳು, ಒಂದು ಡಬ್ಬಿ ಸಾಂಬ್ರಾಣಿ. ದೇಶಗಳು ಕೂಡುವುದು, ಬೇರೆಯಾಗುವುದು ಇವೆಲ್ಲ ನನಗೆ ಒಂಬತ್ತು ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪಾಠ. ಐದು ಅಂಕದ ಪ್ರಶ್ನೆ. ಅದು ನನ್ನ ಮಗಳ ಅಡುಗೆಮನೆಗೆ ಬಂದು ಕೂರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಬಂದದ್ದು ಸಾಂಬ್ರಾಣಿ ಹೊಗೆಯಿಂದ. ಹೋದ ನಾಲ್ಕನೆಯ ದಿನ ಕೂಸಿಗೆ ನೀರು ಹಾಕಿ, ತಲೆಗೆ ಹೊಗೆ ಹಿಡಿಯೋಣವೆಂದು ಒಂದು ಬಾಣಲೆಯಲ್ಲಿ ಇದ್ದಿಲು ಹಾಕಿ ಸಾಂಬ್ರಾಣಿ ಉದುರಿಸಿದೆ. ಆ ಮನೆಗಳ ಮಾಡಿಗೆ ಹೊಗೆ ಕಂಡರೆ ಕೂಗುವ ಯಂತ್ರ ಅಂಟಿಸಿರುತ್ತಾರೆ. ಅದು ಬೀದಿಗೆಲ್ಲ ಕೇಳುವಂತೆ ಅರಚಿತು. ಕೂಸು ಬೆದರಿ ಅತ್ತಿತು, ಮಗಳು "ಅಮ್ಮಾ, ಏನು ಮಾಡ್ದೆ?" ಎಂದು ಕೂಗಿದಳು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಟವೆಲು ಹಿಡಿದು ಓಡಿಬಂದು, ಕುರ್ಚಿ ಎಳೆದು, ಯಂತ್ರದ ಕೆಳಗೆ ನಿಂತು ಗಾಳಿ ಬೀಸಿದರು. ಎಪ್ಪತ್ತೆಂಟು ವರ್ಷದ ಹೆಂಗಸು. ಸದ್ದು ನಿಂತ ಮೇಲೆ ಬಾಣಲೆಯತ್ತ ಬಗ್ಗಿ ಮೂಸಿ, "ನಮ್ಮ ಇಗರ್ಜಿಯಲ್ಲೂ ಇದೇ ವಾಸನೆ" ಎಂದರು.

ಅವರೂ ನಿವೃತ್ತ ಶಿಕ್ಷಕಿ ಎಂದು ತಿಳಿದ ಮೇಲೆ ನಮ್ಮಿಬ್ಬರ ಸ್ನೇಹಕ್ಕೆ ಬೇರೆ ಕಾರಣ ಬೇಕಾಗಲಿಲ್ಲ. ಮಗಳು ಅವರನ್ನು ಹೆಸರು ಹಿಡಿದು ಕರೆಯುತ್ತಾಳೆ. ಅಲ್ಲಿ ಹಾಗೇ. ನನ್ನ ನಾಲಿಗೆ ಏಳಲಿಲ್ಲ. ನಾನು ಅವರನ್ನು "ಟೀಚರ್" ಎಂದೆ, ಅವರೂ ನನ್ನನ್ನು ತಮಾಷೆಗೆ "ಟೀಚರ್" ಎಂದರು. ನನ್ನ ಇಂಗ್ಲಿಷು ಪಾಠ ಓದುವ ಇಂಗ್ಲಿಷು, ಅವರದು ಉತ್ತರದ ಕಡೆಯ ದಪ್ಪ ಉಚ್ಚಾರಣೆ. ಆದರೂ ದಿನಾ ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಬೇಲಿಯ ಆಚೆ ಈಚೆ ನಿಂತು ಮಾತಾಡಿದ್ದೇವೆ.

ಊರಿನ ಹೆಸರು ಗಿಲ್ಡ್‌ಫರ್ಡ್. ಲಂಡನ್ನಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಮಗಳು ಅಳಿಯ ಇಬ್ಬರೂ 2021ರಲ್ಲಿ ಅಲ್ಲಿಗೆ ಹೋದವರು. ಉಪಗ್ರಹಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿಯಲ್ಲಿ ಮಗಳಿಗೆ ಕೆಲಸ. "ಈ ಊರಿನಲ್ಲಿ ಉಪಗ್ರಹ ಮಾಡುತ್ತಾರಮ್ಮ, ನಮ್ಮ ಕಡೆ ಬೀಡಿ ಕಟ್ಟಿದ ಹಾಗೆ" ಎಂದು ಅವಳು ಹೇಳುತ್ತಿದ್ದಳು. ಸುಳ್ಳಲ್ಲ. ನಮ್ಮ ಮೊಬೈಲಿನಲ್ಲಿ ದಾರಿ ತೋರಿಸುವುದು ಅಮೆರಿಕದ ಜಿಪಿಎಸ್ ಒಂದೇ ಅಲ್ಲ, ಯುರೋಪಿನವರ ಗೆಲಿಲಿಯೊ ಎಂಬುದೂ ಇದೆಯಷ್ಟೆ. ಅದರ ಮೊದಲ ಪರೀಕ್ಷಾ ಉಪಗ್ರಹ 2005ರ ಡಿಸೆಂಬರಿನಲ್ಲಿ ಹಾರಿತು. ಅದನ್ನು ಮಾಡಿದ್ದು ಇದೇ ಊರಿನ ಸರ್ರೆ ಸ್ಯಾಟಲೈಟ್ ಟೆಕ್ನಾಲಜಿ ಎಂಬ ಸಂಸ್ಥೆ. ಆಮೇಲಿನ 34 ಉಪಗ್ರಹಗಳ ಒಡಲಿನ ಮುಖ್ಯ ಯಂತ್ರಭಾಗವೂ ಇಲ್ಲಿಂದಲೇ ಹೋದದ್ದು. ಜರ್ಮನಿಯ ಬ್ರೆಮೆನ್ ಊರಿನಲ್ಲಿ ಉಳಿದ ಭಾಗ ಜೋಡಿಸುತ್ತಿದ್ದರು. ಎರಡು ದೇಶದ ಎರಡು ಊರು ಸೇರಿ ಒಂದು ವಸ್ತು ಮಾಡುವುದೆಂದರೆ ಅದು.

2016ರ ಜೂನ್ 23ರಂದು ಬ್ರಿಟನ್ನಿನ ಜನ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೇ ಬಿಡಬೇಕೇ ಎಂದು ಓಟು ಹಾಕಿದರು. ನೂರಕ್ಕೆ 51.9 ಮಂದಿ ಬಿಡೋಣ ಎಂದರು, 48.1 ಮಂದಿ ಇರೋಣ ಎಂದರು. 1973ರಲ್ಲಿ ಸೇರಿದ ಮನೆಯಿಂದ 2020ರ ಜನವರಿ 31ರಂದು ಹೊರಬಂದರು. ಆ ವರ್ಷದ ಕೊನೆಯ ದಿನದವರೆಗೆ ಹಳೆಯ ವ್ಯವಸ್ಥೆಯೇ ನಡೆಯಿತು, ಆಮೇಲೆ ಪೂರ್ತಿ ಬೇರೆ. ಇಷ್ಟು ನಾನು ಮಕ್ಕಳಿಗೆ ಬರೆಸಿದ ನೋಟ್ಸಿನಲ್ಲೇ ಇತ್ತು.

ನೋಟ್ಸಿನಲ್ಲಿ ಇಲ್ಲದ್ದನ್ನು ಮಗಳು ಹೇಳಿದಳು. ಹೊರಬಿದ್ದ ಮೇಲೆ ಗೆಲಿಲಿಯೊದ ಅತ್ಯಂತ ಭದ್ರವಾದ ಭಾಗ, ಸೈನ್ಯ ಪೊಲೀಸಿನವರು ಬಳಸುವ ಗುಪ್ತ ಸಂಕೇತ, ಬ್ರಿಟನ್ನಿಗೆ ಸಿಗಲಿಲ್ಲ. ತಾನು 120 ಕೋಟಿ ಪೌಂಡ್ ಹಾಕಿದ್ದೇನೆ ಎಂದು ಆ ಸರಕಾರ ಹೇಳಿಕೊಂಡರೂ ಒಕ್ಕೂಟದವರು ಕೇಳಲಿಲ್ಲ: ಹೊರಗಿನವರಿಗೆ ಇದು ಇಲ್ಲ ಎಂಬ ನಿಯಮ ಮೊದಲೇ ಇತ್ತಲ್ಲ! ಆ ನಿಯಮ ಬಿಗಿಯಾಗಿರಲಿ ಎಂದವರಲ್ಲಿ, ಒಳಗಿದ್ದಾಗ, ಬ್ರಿಟನ್ನೂ ಒಂದು. ಮನೆಯಲ್ಲಿದ್ದಾಗ ಬೀಗದ ಕೈ ಹೊರಗಿನವರ ಕೈಗೆ ಕೊಡಬಾರದೆಂದು ಗದರಿದ ಸೊಸೆಯೇ ಬೇರೆ ಮನೆ ಮಾಡಿದ ಮೇಲೆ ಬಂದು ಬಾಗಿಲು ತಟ್ಟಿದ ಹಾಗಾಯಿತು. ನಮ್ಮದೇ ಒಂದು ವ್ಯವಸ್ಥೆ ಮಾಡಿಕೊಳ್ಳುತ್ತೇವೆ ಎಂದು 2018ರಲ್ಲಿ 9.2 ಕೋಟಿ ಪೌಂಡ್ ತೆಗೆದಿಟ್ಟು ಅಧ್ಯಯನಕ್ಕೆ ಕೂತರು. 2020ರ ಸೆಪ್ಟೆಂಬರಿನಲ್ಲಿ ಆ ಯೋಜನೆಯನ್ನು ಮುಚ್ಚಿದರು. ಗೆಲಿಲಿಯೊದ ಮುಂದಿನ ಪೀಳಿಗೆಯ ಉಪಗ್ರಹಗಳ ಗುತ್ತಿಗೆ 2021ರಲ್ಲಿ ಜರ್ಮನಿಗೆ, ಇಟಲಿಗೆ ಹೋಯಿತು.

ಆ ನಡುವೆ 2020ರಲ್ಲಿ ಒನ್‌ವೆಬ್ ಎಂಬ ದಿವಾಳಿಯಾದ ಉಪಗ್ರಹ ಕಂಪನಿಯನ್ನು ಬ್ರಿಟಿಷ್ ಸರಕಾರ ಕೊಂಡುಕೊಂಡಿತು. ಜೊತೆಗೆ ಪಾಲು ಹಾಕಿದ್ದು ನಮ್ಮ ದೇಶದ ಭಾರ್ತಿ ಸಂಸ್ಥೆ, ತಲಾ 50 ಕೋಟಿ ಡಾಲರ್. ಇದರಿಂದಲೇ ದಾರಿ ತೋರಿಸುವ ಕೆಲಸವನ್ನೂ ಮಾಡಿಸಬಹುದು ಎಂದು ಕೆಲವರು ಅಂದರು. ತಿಳಿದವರು, ಅವು ಇಂಟರ್ನೆಟ್ ಕೊಡುವ ಉಪಗ್ರಹಗಳು, ಅದಕ್ಕಲ್ಲ ಎಂದರು. ಉಕ್ರೇನ್ ಯುದ್ಧ ಶುರುವಾಗಿ ರಷ್ಯದ ರಾಕೆಟ್ಟು ಸಿಗದೆ ಹೋದಾಗ ಅವುಗಳಲ್ಲಿ 72 ಉಪಗ್ರಹಗಳನ್ನು ಹಾರಿಸಿಕೊಟ್ಟಿದ್ದು ನಮ್ಮ ಇಸ್ರೋ. 2022ರ ಅಕ್ಟೋಬರಿನಲ್ಲಿ 36, 2023ರ ಮಾರ್ಚ್ 26ರಂದು ಇನ್ನು 36. ಆ ಎರಡನೆಯದನ್ನು ನಾನು ಭಾನುವಾರ ಬೆಳಗ್ಗೆ ದೋಸೆ ಹಾಕುತ್ತಾ ಟಿವಿಯಲ್ಲಿ ನೋಡಿದ್ದೆ, ಮಗಳೂ ಅಲ್ಲಿ ತುಂಬು ಬಸುರಿ, ಅರೆರಾತ್ರಿಯಲ್ಲಿ ಎದ್ದು ಕೂತು ನೋಡಿದಳಂತೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಕಂಪನಿ ಫ್ರಾನ್ಸಿನ ಯೂಟೆಲ್‌ಸ್ಯಾಟ್ ಜೊತೆ ವಿಲೀನವಾಯಿತು. ಯುರೋಪು ಬಿಟ್ಟ ಮೇಲೆ ನಮ್ಮದಿರಲಿ ಎಂದು ಕೊಂಡದ್ದು ಸುತ್ತಿ ಬಳಸಿ ಯುರೋಪಿನ ಮನೆಗೇ ಹೋಯಿತು. ನಗಬಾರದು, ನಗು ಬರುತ್ತದೆ.

ಮಗಳ ಮನೆಯಲ್ಲಿ ಕೂಸಿನ ಗಿಲಕಿಯೊಂದಿತ್ತು. ಅದರ ತಳದಲ್ಲಿ ಎರಡು ಗುರುತು ಒತ್ತಿದ್ದರು. ಒಂದು ಯುರೋಪಿನ "ಸಿಇ", ಈ ವಸ್ತು ಅಪಾಯವಿಲ್ಲದ್ದು ಎಂಬುದಕ್ಕೆ. ಇನ್ನೊಂದು ಬೇರೆಯಾದ ಮೇಲೆ ಬ್ರಿಟನ್ ತಾನೇ ತಂದ "ಯುಕೆಸಿಎ". ಒಂದು ಗಿಲಕಿ, ಎರಡು ಗುರುತು, ತಯಾರಿಸುವವನಿಗೆ ಎರಡು ಸಲ ಕಾಗದಪತ್ರದ ಕೆಲಸ. ಸಣ್ಣ ಕಾರ್ಖಾನೆಯವರು ತಾಳಲಾರೆವೆಂದರು. ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕಿದರು. ಕೊನೆಗೆ 2023ರ ಆಗಸ್ಟಿನಲ್ಲಿ, ಹಳೆಯ ಗುರುತೂ ನಡೆಯುತ್ತದೆ, ಅದಕ್ಕೆ ಕಾಲಮಿತಿ ಇಲ್ಲ ಎಂದು ಸರಕಾರವೇ ಹೇಳಿತು. ಶನಿವಾರದ ಸಂತೆಯಲ್ಲಿ ಚೀಸ್ ಮಾರುವವನೊಬ್ಬನಿದ್ದ. ಮೊದಲು ಫ್ರಾನ್ಸಿಗೆ ಕಳಿಸುತ್ತಿದ್ದನಂತೆ. ಈಗ ಪ್ರತಿ ಸಲವೂ ಪಶುವೈದ್ಯರ ಸಹಿಯಾದ ಆರೋಗ್ಯ ಪತ್ರ ಬೇಕು. "ಚೀಸಿಗಿಂತ ಸಹಿಯೇ ದುಬಾರಿ" ಎಂದ. ಕಳಿಸುವುದನ್ನು ಬಿಟ್ಟುಬಿಟ್ಟಿದ್ದ. ದೇಶದ ಲೆಕ್ಕದಲ್ಲಿ ಅವನು ಕಾಣುವುದೇ ಇಲ್ಲ, ಆದರೆ ಇಂಥವರೆಲ್ಲ ಸೇರಿದರೆ ಲೆಕ್ಕ. ಬ್ರಿಟನ್ನಿನ ಬಜೆಟ್ಟಿನ ಲೆಕ್ಕವನ್ನು ಸ್ವತಂತ್ರವಾಗಿ ಪರಿಶೀಲಿಸುವ ಕಚೇರಿಯೊಂದಿದೆ. ಒಳಗೇ ಇದ್ದಿದ್ದರೆ ದೇಶ ಎಷ್ಟು ದುಡಿಯುವ ಶಕ್ತಿ ಪಡೆಯುತ್ತಿತ್ತೋ ಅದಕ್ಕಿಂತ ಕಾಲಕ್ರಮದಲ್ಲಿ ನೂರಕ್ಕೆ 4ರಷ್ಟು ಕಡಿಮೆಯಾಗುತ್ತದೆ ಎಂದು ಅದರ ಅಂದಾಜು. ಅಂದರೆ ನೂರು ಬರಬೇಕಾದ ಕಡೆ ತೊಂಬತ್ತಾರು. ಕೊರೋನಾ, ಯುದ್ಧ ಎಲ್ಲ ಒಟ್ಟಿಗೇ ಬಂದದ್ದರಿಂದ ಯಾವುದರ ಏಟು ಎಷ್ಟು ಎಂದು ಪೂರ್ತಿ ಬಿಡಿಸುವುದು ಕಷ್ಟ. ಹಾಗಂತ ಏಟೇ ಬಿದ್ದಿಲ್ಲ ಎನ್ನುವ ಅರ್ಥಶಾಸ್ತ್ರಜ್ಞರು ಕಡಿಮೆ.

ನನಗೆ ಗೊತ್ತಿದ್ದ ಟೀಚರ್ ಮೆತ್ತನೆಯ ಮನಸ್ಸಿನವರು, ಪುಸ್ತಕ ಓದುವವರು, ಮಗಳ ಕೂಸಿಗೆ ಟೊಪ್ಪಿ ಹೆಣೆದುಕೊಟ್ಟವರು. ಹೀಗಾಗಿ ಅವರು "ಇರೋಣ" ಎಂದವರೇ ಇರಬೇಕು ಎಂದುಕೊಂಡಿದ್ದೆ. ಆ ಊರೂ ಹೆಚ್ಚಿನ ಓಟಿನಿಂದ ಇರೋಣ ಎಂದೇ ಹೇಳಿತ್ತು. ಒಂದು ದಿನ ಮಾತು ಅಲ್ಲಿಗೇ ತಿರುಗಿತು. "ನಾನು ಬಿಡೋಣ ಎಂದೆ" ಎಂದರು. ಚಹಾದ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು.

ಅವರು ಹುಟ್ಟಿ ಬೆಳೆದದ್ದು ಉತ್ತರದ ಸಂಡರ್ಲೆಂಡಿನಲ್ಲಿ. ಹಡಗು ಕಟ್ಟುವ ಊರು. ಅಪ್ಪ ಹಡಗುಕಟ್ಟೆಯ ಕೆಲಸಗಾರ, ತಮ್ಮನೂ ಅದೇ. 1988ರಲ್ಲಿ ಕೊನೆಯ ಹಡಗುಕಟ್ಟೆಯೂ ಮುಚ್ಚಿತು. ಮತ್ತೆ ತೆರೆಯಲು ಯುರೋಪಿನ ನಿಯಮ ಅಡ್ಡ ಬಂತು ಎಂಬ ಕಹಿ ಆ ಊರಿನಲ್ಲಿ ಇವತ್ತಿಗೂ ಇದೆಯಂತೆ. "ತಮ್ಮನಿಗೆ ಆಗ ನಲವತ್ತು ವರ್ಷ. ಅವನಿಗೆ ಈ ಕಟ್ಟೆ ಯಾಕೆ ಮುಚ್ಚಿತು ಎಂದು ಯಾರನ್ನು ಕೇಳಬೇಕೆಂದೇ ತಿಳಿಯಲಿಲ್ಲ. ಲಂಡನ್ನಿನವರು ಬ್ರಸೆಲ್ಸ್ ಕಡೆ ಕೈ ತೋರಿಸಿದರು. ಬ್ರಸೆಲ್ಸಿನವರನ್ನು ನಾವು ಓಟಿನಿಂದ ಇಳಿಸಲು ಆಗುತ್ತದೆಯೇ?" ಎಂದರು. ಅವರ ತಮ್ಮನಂಥವರು ಬೇಕಾದಷ್ಟು ಮಂದಿ. ಸಂಡರ್ಲೆಂಡಿನಲ್ಲಿ ನೂರಕ್ಕೆ 61 ಮಂದಿ ಬಿಡೋಣ ಎಂದರು.

ನಾನು ಪಾಠ ಒಪ್ಪಿಸಿದ ಹಾಗೆ ಹೇಳಿದೆ: ಅದೇ ಊರಿಗೆ 1986ರಲ್ಲಿ ಜಪಾನಿನ ನಿಸ್ಸಾನ್ ಕಾರಿನ ಕಾರ್ಖಾನೆ ಬಂದದ್ದೂ ಒಕ್ಕೂಟದ ಮಾರುಕಟ್ಟೆಗೆ ಅದು ಬಾಗಿಲು ಎಂದೇ ಅಲ್ಲವೇ? ಎಲ್ಲ ದೇಶಗಳಿಗೂ ಒಂದೇ ಮಾರುಕಟ್ಟೆ ಇರಲಿ ಎಂದು ಜೋರು ಮಾಡಿದವರಲ್ಲಿ ನಿಮ್ಮ ಮಾರ್ಗರೆಟ್ ಥ್ಯಾಚರ್ ಮುಂದಿದ್ದರಲ್ಲವೇ? ಬ್ರಸೆಲ್ಸಿನ ಸಂಸತ್ತಿನಲ್ಲಿ ನಿಮ್ಮವರೇ 73 ಮಂದಿ ಕೂತಿದ್ದರಲ್ಲವೇ?

ಅವರು ತಲೆಯಾಡಿಸಿ ಕೇಳಿದರು, "1947ರಲ್ಲಿ ನೀವು ನಮ್ಮನ್ನು ಕಳಿಸಿದಿರಲ್ಲ, ಆಗ ನಿಮ್ಮ ದೇಶಕ್ಕೆ ನೂರಕ್ಕೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿದಿರಾ?"

ನನಗೆ ಉತ್ತರ ಬರಲಿಲ್ಲ. ಬೋರ್ಡಿನ ಮುಂದೆ ನಿಂತ ಹುಡುಗಿಯ ಹಾಗೆ ನಿಂತೆ. ರಾತ್ರಿ ಕೂಸಿಗೆ ಜೋಳಿಗೆ ತೂಗುತ್ತಾ ಉತ್ತರ ಹೊಳೆಯಿತು. ನಮ್ಮನ್ನು ಆಳಿದವರ ಮನೆಗೆ ನಾವು ಕೇಳಿಕೊಂಡು ಹೋಗಿ ಸೇರಿದವರಲ್ಲ, ಅಲ್ಲಿ ನಮಗೆ ಸಮನಾದ ಕುರ್ಚಿಯೂ ಇರಲಿಲ್ಲ. ಇವರು ಓಟು ಹಾಕಿ ಒಳಗುಳಿದವರು. 1975ರಲ್ಲೂ ಒಮ್ಮೆ ಕೇಳಿದ್ದರು, ಆಗ ನೂರಕ್ಕೆ 67 ಮಂದಿ ಇರೋಣ ಎಂದಿದ್ದರು. ಎರಡೂ ಒಂದೇ ಅಲ್ಲ. ಆದರೂ ಅವರ ಮಾತಿನ ಒಂದು ತುದಿ ನನ್ನನ್ನು ಬಿಡಲಿಲ್ಲ. ಗೌರವದ ವಿಷಯ ಬಂದಾಗ ನಾವು ಲೆಕ್ಕ ಕೇಳುವುದಿಲ್ಲ. ಗಂಡನ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದಿದ್ದರೂ ಮಾತಿಗೆ ಬೆಲೆಯಿಲ್ಲವೆಂದು ಹೊರಬಂದ ಹೆಣ್ಣಿಗೆ, ತಿಂಗಳಿಗೆ ಎಷ್ಟು ನಷ್ಟವಾಯಿತು ಎಂದು ಕೇಳುವವರನ್ನು ನಾವು ಸಣ್ಣವರೆನ್ನುತ್ತೇವೆ. ಹಾಗಿರುವಾಗ ಈ ಮುದುಕಿಗೆ ಗಿಲಕಿಯ ಗುರುತು, ಚೀಸಿನ ಕಾಗದ ತೋರಿಸಿ ತಪ್ಪು ಎನ್ನಲು ನಾನು ಯಾರು?

ಗೌರವಕ್ಕೆ ಬೆಲೆ ತೆರಬೇಕಾದದ್ದೇ. ಆ ಬೆಲೆಯನ್ನು ಯಾರ ಗಂಟಿನಿಂದ ತೆರುತ್ತೇವೆ ಎಂಬುದು ನನ್ನ ತೊಡಕು. ಇದನ್ನು ನಾನಾಗಿ ಯೋಚಿಸಿದ್ದಲ್ಲ, ಟೀಚರೇ ತೋರಿಸಿಕೊಟ್ಟದ್ದು.

ಅವರಿಗೊಬ್ಬಳು ಮೊಮ್ಮಗಳು. 2016ರ ಆಗಸ್ಟಿಗೆ ಹದಿನೆಂಟು ತುಂಬುವವಳು, ಓಟು ಜೂನಿನಲ್ಲಿ. ಎರಡು ತಿಂಗಳು ಕಡಿಮೆ. ಸ್ಕಾಟ್ಲೆಂಡಿನಲ್ಲಿ 2014ರಲ್ಲಿ ಬೇರೆಯಾಗಬೇಕೇ ಎಂದು ಕೇಳಿದಾಗ ಹದಿನಾರು ತುಂಬಿದವರಿಗೂ ಓಟು ಕೊಟ್ಟಿದ್ದರು, ಇದರಲ್ಲಿ ಕೊಡಲಿಲ್ಲ. ಆ ಹುಡುಗಿ ಅಜ್ಜಿಯ ಮುಂದೆ ಕೂತು, "ಅಜ್ಜಿ, ನನ್ನ ಪರವಾಗಿ ಒಂದು ಓಟು ಹಾಕಿ" ಎಂದು ಕೇಳಿದಳಂತೆ. "ನಾನು ನನ್ನ ಓಟನ್ನು ನನ್ನ ಮನಸ್ಸಿನಂತೆ ಹಾಕಿದೆ. ಓಟು ಇರುವುದೇ ಅದಕ್ಕಲ್ಲವೇ?" ಎಂದರು ಟೀಚರ್. ನನಗೂ ಹೌದೆನಿಸಿತು. ಆ ಓಟಿನಲ್ಲಿ ಹದಿನೆಂಟರಿಂದ ಇಪ್ಪತ್ತನಾಲ್ಕರ ವಯಸ್ಸಿನವರಲ್ಲಿ ಹತ್ತಕ್ಕೆ ಏಳು ಮಂದಿ ಇರೋಣ ಎಂದರು, ಅರವತ್ತೈದು ದಾಟಿದವರಲ್ಲಿ ಹತ್ತಕ್ಕೆ ಆರು ಮಂದಿ ಬಿಡೋಣ ಎಂದರು ಎಂದು ಸಮೀಕ್ಷೆಗಳು ಹೇಳುತ್ತವೆ. ಅಜ್ಜಿ ಮೊಮ್ಮಗಳ ಈ ಮಾತು ಅಲ್ಲಿ ಎಷ್ಟು ಮನೆಗಳಲ್ಲಿ ನಡೆದಿರಬೇಕೋ.

ಹುಡುಗಿ ಭೌತಶಾಸ್ತ್ರ ಓದಿ ಸಂಶೋಧನೆಗೆ ಸೇರಿದಳು. ಯುರೋಪಿನಲ್ಲಿ ವಿಜ್ಞಾನಿಗಳಿಗೆ ಹಣ ಕೊಡುವ ಹೊರೈಜನ್ ಎಂಬ ದೊಡ್ಡ ಯೋಜನೆಯಿದೆ, ಏಳು ವರ್ಷಕ್ಕೆ 9,550 ಕೋಟಿ ಯೂರೋ. ಬೇರೆಯಾಗುವಾಗ, ಇದರಲ್ಲಿ ಮಾತ್ರ ಜೊತೆಗಿರೋಣ ಎಂದು ಮಾತಾಗಿತ್ತು. ಆದರೆ ಉತ್ತರ ಐರ್ಲೆಂಡಿನ ಗಡಿಯ ಜಗಳ ಮುಗಿಯದೆ ಅದನ್ನು ಜಾರಿ ಮಾಡಲಿಲ್ಲ. ದೊಡ್ಡವರು ಮಾತು ಬಿಟ್ಟರೆ ಮಕ್ಕಳ ಊಟ ನಿಲ್ಲುತ್ತದಲ್ಲ, ಹಾಗೆ. 2022ರಲ್ಲಿ, ಬ್ರಿಟನ್ನಿನಲ್ಲಿದ್ದು ಅನುದಾನ ಗೆದ್ದ ವಿಜ್ಞಾನಿಗಳಿಗೆ, ಒಕ್ಕೂಟದ ಯಾವುದಾದರೂ ದೇಶಕ್ಕೆ ಬನ್ನಿ, ಇಲ್ಲವೇ ಹಣ ಬಿಡಿ ಎಂದರು. ಅಷ್ಟೇ ಹಣ ನಾವು ಕೊಡುತ್ತೇವೆಂದು ಬ್ರಿಟನ್ ಸರಕಾರ ಹೇಳಿತು. ಬಹಳ ಮಂದಿ ಉಳಿದರು, ಕೆಲವರು ಹೋದರು. ಈ ಹುಡುಗಿಯ ಗೈಡ್ ಹೋದರು. ಸಂಶೋಧನೆಯೆಂದರೆ ಹಣ ಒಂದೇ ಅಲ್ಲ, ಐದಾರು ದೇಶದ ಜೊತೆಗಾರರು, ಒಟ್ಟಿಗೆ ಬಳಸುವ ಯಂತ್ರಗಳು, ಒಂದು ಫೋನಿನಲ್ಲಿ ಸಿಗುವ ಸಲಹೆ. ಅದನ್ನು ಖಜಾನೆಯಿಂದ ಕೊಡಲಾಗುವುದಿಲ್ಲ. ಗೈಡಿನ ಹಿಂದೆ ಹುಡುಗಿಯೂ ಜರ್ಮನಿಗೆ ಹೋದಳು. ಅಜ್ಜಿಯ ಕಾಲದಲ್ಲಿ ಚೀಲ ಹಿಡಿದು ಹೋಗಿ ಕೆಲಸಕ್ಕೆ ಸೇರಬಹುದಾಗಿದ್ದ ಊರಿಗೆ ಇವಳು ಪರವಾನಗಿ ಕಾಗದ ಹಿಡಿದು ಸಾಲಿನಲ್ಲಿ ನಿಂತಳು.

"ಅವಳು ನನ್ನ ಜೊತೆ ಜಗಳ ಆಡುವುದಿಲ್ಲ" ಎಂದರು ಟೀಚರ್. "ವಾರಕ್ಕೊಮ್ಮೆ ಫೋನು ಮಾಡಿ ಹವಾಮಾನದ ಮಾತಾಡುತ್ತಾಳೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ತಮ್ಮ ತನ್ನ ಓಟಿನ ಬೆಲೆಯನ್ನು ತಾನೇ ತೆತ್ತಾನು, ಅವನ ಮಗ ಅದೇ ನಿಸ್ಸಾನಿನಲ್ಲಿ ಕೆಲಸಕ್ಕಿದ್ದಾನೆ. ನಾನು? ನನ್ನ ಪಿಂಚಣಿಯಲ್ಲಿ ಒಂದು ಪೆನ್ನಿಯೂ ಕಡಿಮೆಯಾಗಲಿಲ್ಲ" ಎಂದರು.

ನಾನು ಏನು ಹೇಳಲಿ? ನನ್ನ ಮಡಿಲಲ್ಲೂ ಕೆಂಡವಿತ್ತು. ಯುರೋಪಿನವರು ಸುಮ್ಮನೆ ಬಂದು ಕೆಲಸ ಮಾಡುವುದು ನಿಂತು, 2021ರ ಜನವರಿ 1ರಿಂದ ಎಲ್ಲ ದೇಶದವರಿಗೂ ಒಂದೇ ಅಳತೆ ಎಂದಾಯಿತು. ನನ್ನ ಮಗಳು ಅಲ್ಲಿಗೆ ಹೋದದ್ದೇ ಆ ವರ್ಷ. ಅವಳ ಜಾಗದಲ್ಲಿ ಮೊದಲಿದ್ದವನು ಪೋರ್ಚುಗಲ್ಲಿನ ಹುಡುಗ, ಊರಿಗೆ ಹಿಂದಿರುಗಿದನಂತೆ. ಹೆರಿಗೆಯ ವಾರ್ಡಿನಲ್ಲಿ ಕೂಸನ್ನು ಮೊದಲು ಕೈಗೆತ್ತಿಕೊಂಡವಳು ಕೇರಳದ ಹುಡುಗಿ. 2016ರ ನಂತರ ಯುರೋಪಿನಿಂದ ನರ್ಸುಗಳು ಬರುವುದು ಬಹಳ ಕಡಿಮೆಯಾಗಿ (ಭಾಷಾ ಪರೀಕ್ಷೆ ಬಿಗಿಯಾದದ್ದೂ ಒಂದು ಕಾರಣ) ನಮ್ಮ ದೇಶದಿಂದ, ಫಿಲಿಪೈನ್ಸಿನಿಂದ ಬರುವವರು ಹೆಚ್ಚಿದರು. ಹೊರಗಿನವರು ಕಡಿಮೆಯಾಗಲಿ ಎಂದೂ ಬಹಳ ಜನ ಓಟು ಹಾಕಿದ್ದರಷ್ಟೆ. 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ, ಬಂದವರಲ್ಲಿ ಹೋದವರನ್ನು ಕಳೆದರೆ, ಆ ದೇಶಕ್ಕೆ ಸೇರಿಕೊಂಡವರು 9 ಲಕ್ಷದ ಆಸುಪಾಸು. ಹೊರಗಿನಿಂದ ಬಂದವರಲ್ಲಿ ಭಾರತೀಯರೇ ಹೆಚ್ಚು. ಟೀಚರ್ ಬಿಡೋಣ ಎಂದದ್ದರ ಫಲ ಯಾರಿಗಾದರೂ ಕೈಗೆ ಸಿಕ್ಕಿದ್ದರೆ ಅದು ಬೇಲಿಯ ಈಚೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದ ನಮಗೆ. ಒಬ್ಬರಿಗೆ ಮುಚ್ಚಿದ ಬಾಗಿಲಿನಲ್ಲಿ ನಾವು ಒಳಗೆ ಬಂದಿದ್ದೇವೆ. ಇದು ನಮ್ಮ ತಪ್ಪಲ್ಲ. ಆದರೆ ಆ ಹುಡುಗಿಯ ಕಥೆ ಕೇಳುತ್ತಾ ಅಯ್ಯೋ ಎನ್ನುವಾಗ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಹತ್ತನೇ ತರಗತಿಯ ನಂತರ ಇತಿಹಾಸ ಓದುವ ಆಸೆಯಿತ್ತು. ನಾನೇ ಇತಿಹಾಸ ಹೇಳಿಕೊಡುವವಳು, ಆದರೂ ಅವಳ ಪಿಯುಸಿ ಅರ್ಜಿಯಲ್ಲಿ ವಿಜ್ಞಾನ ಎಂದು ತುಂಬಿದ್ದು ನನ್ನ ಕೈ. ಅವಳು ಆ ದಿನ ಊಟ ಮಾಡಲಿಲ್ಲ, ಮರುದಿನ ಮಾಡಿದಳು, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಹದಿನೈದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಟೀಚರ್ ಮನೆಯಿಂದ ಬಂದ ರಾತ್ರಿ ಕೂಸು ಮಲಗಿದ ಮೇಲೆ ಅವಳನ್ನು ಕೇಳಿದೆ, "ನಾನು ಅವತ್ತು ಮಾಡಿದ್ದು ತಪ್ಪೇನೇ?"

ಅವಳು ಹಾಲು ಕುಡಿಸಿ ಆಯಾಸಗೊಂಡಿದ್ದಳು. "ಅಮ್ಮಾ, ಚೆನ್ನಾಗೇ ಇದೀನಲ್ಲ" ಎಂದಳು.

"ಚೆನ್ನಾಗಿದೀಯ ಗೊತ್ತು. ನಾನು ಕೇಳಿದ್ದು ಅದಲ್ಲ."

"ಗೊತ್ತು" ಎಂದಳು. "ಕೇಳಬಹುದಿತ್ತು ನೀನು. ಕೇಳಿದ್ರೆ ನಾನೂ ಇದನ್ನೇ ಆರಿಸ್ತಿದ್ನೋ ಏನೋ. ಈಗ ಹೇಗೆ ಹೇಳಲಿ?"

ಬ್ರಿಟನ್ನಿನವರು ಇಷ್ಟು ವರ್ಷ ನೂರಕ್ಕೆ ನಾಲ್ಕೋ ಎರಡೋ ಎಂದು ಜಗಳವಾಡುವುದನ್ನು ಓದುವಾಗ ನನಗೆ ಮಗಳ ಈ ಮಾತು ನೆನಪಾಗುತ್ತದೆ. ಲಾಭವಾದರೆ ಮಾಡಿದ್ದು ಸರಿ, ನಷ್ಟವಾದರೆ ತಪ್ಪು ಎಂದು ಎರಡೂ ಕಡೆಯವರು ಒಪ್ಪಿಕೊಂಡ ಹಾಗೆ ಮಾತಾಡುತ್ತಾರೆ. ನನ್ನ ಮಗಳ ವಿಷಯದಲ್ಲಿ ಲಾಭವೇ ಆಯಿತು, ಆದರೂ ಅವಳನ್ನು ಕೇಳಬೇಕಾದದ್ದು ಕೇಳದೇ ಉಳಿಯಿತು. ಹಾಗೆಂದು ಎಳೆಯರನ್ನೆಲ್ಲ ಕೇಳಿಯೇ ಮುಂದೆ ಹೆಜ್ಜೆ ಇಡಬೇಕೆಂದರೆ, ತೊಟ್ಟಿಲಲ್ಲಿ ಇರುವವರನ್ನು, ಹುಟ್ಟದೇ ಇರುವವರನ್ನು ಕೇಳುವುದು ಹೇಗೆ? 1973ರಲ್ಲಿ ಸೇರಿಸಿದವರೂ ಯಾರನ್ನೂ ಕೇಳಿರಲಿಲ್ಲವಲ್ಲ ಎಂದು ಟೀಚರ್ ಕೇಳಿಯಾರು. ಕೇಳಲಿ. ಆದರೆ ಸೇರಿದ್ದನ್ನು ಮುಂದಿನವರು ಬಿಡಬಹುದಿತ್ತು, ಬಿಟ್ಟೂ ಬಿಟ್ಟರು. ಬಿಟ್ಟದ್ದನ್ನು ಮತ್ತೆ ಸೇರುವುದು ಅಷ್ಟು ಸುಲಭವಲ್ಲ, ಇಪ್ಪತ್ತೇಳು ದೇಶದವರೂ ಹೂಂ ಎನ್ನಬೇಕು. ಹೋಗುವಾಗ ಒಬ್ಬರ ಇಷ್ಟ ಸಾಕು, ಬರುವಾಗ ಎಲ್ಲರ ಇಷ್ಟ ಬೇಕು. ಇಂಥ ಬಾಗಿಲನ್ನು ಎಳೆಯುವಾಗ ಹಿಂದೆ ಯಾರು ನಿಂತಿದ್ದಾರೆಂದು ಒಮ್ಮೆ ತಿರುಗಿ ನೋಡಬೇಕಾಗಿತ್ತೇನೋ. ನನಗೆ ಹೀಗನ್ನಿಸುತ್ತದೆ. ನಿಮಗೆ ಬೇರೆ ತೋರಬಹುದು. ಟೀಚರಿಗೆ ಕೊನೆಯವರೆಗೂ ಬೇರೆಯೇ ತೋರಿತು. ನೊಂದುಕೊಂಡರೇ ಹೊರತು, ಮತ್ತೆ ಓಟು ಕೊಟ್ಟರೆ ಬದಲಿಸಿ ಹಾಕುತ್ತೇನೆ ಎಂದು ಅವರು ಹೇಳಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಿತು, ಯಾಕೆಂದು ತಿಳಿಯದು.

ಜುಲೈನಲ್ಲಿ ಊರಿಗೆ ಬಂದೆ. ಸೆಪ್ಟೆಂಬರ್ 7ರಂದು, ಬ್ರಿಟನ್ ಹೊರೈಜನ್ ಯೋಜನೆಗೆ 2024ರ ಜನವರಿಯಿಂದ ಮತ್ತೆ ಸೇರುತ್ತದೆ ಎಂಬ ಸುದ್ದಿ ಬಂತು. ಮಗಳ ಫೋನಿನ ಮೂಲಕ ಟೀಚರ್ ಜೊತೆ ಮಾತಾಡಿ, "ಇನ್ನು ನಿಮ್ಮ ಹುಡುಗಿ ಬರಬಹುದಲ್ಲ" ಎಂದೆ. "ಅಲ್ಲಿ ಮನೆ ಮಾಡಿದ್ದಾಳೆ. ಒಬ್ಬ ಹುಡುಗನೂ ಇದ್ದಾನೆ" ಎಂದರು. ಆಮೇಲೆ ಹವಾಮಾನದ ಮಾತು ಬಂತು. 2025ರ ಜುಲೈನಲ್ಲಿ ನಮ್ಮ ದೇಶವೂ ಬ್ರಿಟನ್ನೂ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದವು, ಒಕ್ಕೂಟದಲ್ಲಿ ಇದ್ದಿದ್ದರೆ ಬ್ರಿಟನ್ ಒಂಟಿಯಾಗಿ ಹಾಗೆ ಮಾಡುವ ಹಾಗಿರಲಿಲ್ಲ. ಅದನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಅದೇ ಡಿಸೆಂಬರಿನಲ್ಲಿ, ಬಿಟ್ಟಿದ್ದ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಗೆ 2027ರಿಂದ ಮತ್ತೆ ಸೇರುವುದಾಗಿ ಬ್ರಿಟನ್ ಪ್ರಕಟಿಸಿತು.

ನನಗೆ ಹೆಚ್ಚು ನೆನಪಿರುವುದು 2024ರ ಜುಲೈ 4. ಅಲ್ಲಿ ಸಂಸತ್ತಿನ ಚುನಾವಣೆ. ಕಾಮನ್‌ವೆಲ್ತ್ ದೇಶಗಳವರು ಅಲ್ಲಿ ವಾಸವಿದ್ದರೆ, ತಮ್ಮ ದೇಶದ ಪೌರರಾಗಿಯೇ ಓಟು ಹಾಕಬಹುದು. 2016ರ ಆ ಓಟಿನಲ್ಲೂ ಹಾಗೆಯೇ ಇತ್ತು. ಆದರೆ ಅದೇ ಬೀದಿಯಲ್ಲಿ ಇಪ್ಪತ್ತೆಂಟು ವರ್ಷದಿಂದಿರುವ, ಇನ್ನೂ ತನ್ನ ದೇಶದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ಜರ್ಮನ್ ಹೆಂಗಸಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೂರು ವರ್ಷದ ಹಿಂದೆ ಹೋದ ನನ್ನ ಮಗಳಿಗೆ ಇತ್ತು. ರಾತ್ರಿ ಅವಳು ಫೋನು ಮಾಡಿದಳು.

"ಅಮ್ಮಾ, ಓಟು ಹಾಕಿ ಬಂದೆ. ಟೀಚರ್ ಜೊತೆ ನಡೆದುಕೊಂಡು ಹೋಗಿದ್ದೆ. ನಮ್ಮ ಪಾಸ್‌ಪೋರ್ಟ್ ತೋರಿಸಿದ್ರೆ ಸಾಕು. ಪೆನ್ಸಿಲಿನಲ್ಲಿ ಕತ್ತರಿ ಗುರುತು ಹಾಕೋದು. ಪೆನ್ಸಿಲಿಗೆ ದಾರ ಕಟ್ಟಿದಾರೆ, ನಮ್ಮೂರ ಬ್ಯಾಂಕಲ್ಲಿ ಪೆನ್ನಿಗೆ ಕಟ್ಟಿರ್ತಾರಲ್ಲ, ಹಾಗೆ" ಎಂದು ನಕ್ಕಳು.

ಯಾರಿಗೆ ಹಾಕಿದೆ ಎಂದು ಕೇಳಲು ಬಾಯಿ ತೆರೆದವಳು, ಸುಮ್ಮನಾಗಿ ಮಗುವಿಗೆ ಜ್ವರ ಇಳಿಯಿತೇ ಎಂದು ಕೇಳಿದೆ.